ತುಳಿಸಿಕೊಂಡ ಭುಜ

ನಮ್ಮತ್ತೆ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ತುಳಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಮಳವಳ್ಳಿ ಸುತ್ತಮುತ್ತ ಯಾರ ಸೊಂಟ ಹಿಡಿದುಕೊಂಡರೂ ನಮ್ಮ ಜಗಲಿಯ ಮೇಲೆ ಬಂದು ಬೋರಲು ಬೀಳುತ್ತಿದ್ದರು. ಆಗ ಅತ್ತೆಯ ಗತ್ತು ನೋಡಬೇಕಿತ್ತು, ಅಬ್ಬಬ್ಬಾ!

ಯುದ್ಧ ನಡೆಯುತ್ತಿದ್ದ ಕಾಲ. ನನ್ನ ಗಂಡ ಬ್ಲಫ್‌ನ ಜಲಪಾತದ ಹತ್ತಿರದ ಕರೆಂಟು ಕಾರ್ಖಾನೆಯಲ್ಲಿ ದಿನಗೂಲಿ. ಕಾಯಂ ಮಾಡಿಕೊಳ್ಳುತ್ತೇವೆ, ಬರುವ ಸೋಮವಾರ ಅಲ್ಲಿನ ಡಾಕ್ಟರು ಮೈ ಪರೀಕ್ಷೆ ಮಾಡುತ್ತಾರೆ ಎಂದು ಹೇಳಿದ್ದರು. ಅದೇ ಹೊತ್ತಿಗೆ ಇವರು ಮೆಟ್ಟಿಲಲ್ಲಿ ಜಾರಿ, ಬಲಗೈಯಲ್ಲಿ ಕಂಬಿಗೆ ಜೋತುಬಿದ್ದು, ಭುಜ ನೋಯಿಸಿಕೊಂಡು ಬಂದರು.

"ಉಳುಕು ಕಣ್ಲಾ, ಮನಿಕೊ" ಎಂದು ಅತ್ತೆ ದಿನಾ ಬೆಳಿಗ್ಗೆ ತುಳಿದರು. ನಾನು ಬೇಡವೆಂದೆ. "ನೀನೇನು ಕಾಲು ಮುಂದಾಗಿ ಉಟ್ಟಿದ್ದೀಯಾ? ಬಾಯ್ಮುಚ್ಕೊಂಡು ಒಲೆ ಊದೋಗು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ನೋವು ಇಳಿಯಿತು ಎಂದು ಇವರು ಹೇಳತೊಡಗಿದರು. ನನಗೆ ಭಯ ಹುಟ್ಟಿದ್ದೇ ಆಗ. ಮುದ್ದೆ ಮುರಿಯುವಾಗ ಕೈ ಸರಿಯಿರುತ್ತಿತ್ತು. ಪೇಟ ಸುತ್ತುವಾಗ ಮಾತ್ರ ಎಡಗೈಯಿಂದ ಬಲಗೈಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಾನು ನೋಡಿಬಿಟ್ಟರೆ ತಲೆ ತುರಿಸಿಕೊಂಡಂತೆ ನಟಿಸುತ್ತಿದ್ದರು.

ಕೊನೆಗೆ ಜಗಳವಾಡಿ ಮಳವಳ್ಳಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅತ್ತೆಯೂ ಹೊರಟು ಬಂದರು.

ಡಾಕ್ಟರು ಅಂಗಿ ಬಿಚ್ಚಿಸಿ ಒತ್ತಿ ನೋಡಿದರು. "ಮೂಳೆ ಮುರಿದಿಲ್ಲ, ಕೀಲೂ ಜಾರಿಲ್ಲ."

"ನಾ ಏಳ್ಲಿಲ್ವಾ?" ಎಂದು ಅತ್ತೆ ನನ್ನ ಕಡೆ ತಿರುಗಿದರು.

ಡಾಕ್ಟರು ನಗಲಿಲ್ಲ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಸಿ, "ನನ್ನ ಕೈಯನ್ನು ಆಚೆಗೆ ತಳ್ಳಿ" ಎಂದರು. ಎಡಗೈ ತಳ್ಳಿತು. ಬಲಗೈ ನಡುಗಿತು, ಅಷ್ಟೇ. ಆಮೇಲೆ ಆ ಕೈಯನ್ನು ತಾವೇ ಪಕ್ಕಕ್ಕೆ, ಹೆಗಲಿನ ಮಟ್ಟಕ್ಕೆ ಎತ್ತಿ ಹಿಡಿದರು. "ಬಿಡ್ತೀನಿ, ಹಾಗೇ ಇಟ್ಕೊಳ್ಳಿ."

ಬಿಟ್ಟರು. ಕೈ ದೊಪ್ಪನೆ ತೊಡೆಗೆ ಬಡಿಯಿತು.

"ಇನ್ನೊಂದ್ಸಲ ನೋಡಿ ಸ್ವಾಮಿ, ಗ್ಯಾನ ಎಲ್ಲೋ ಇತ್ತು" ಎಂದರು ನನ್ನ ಗಂಡ. ಮತ್ತೆ ಎತ್ತಿದರು, ಬಿಟ್ಟರು. ಮತ್ತೆ ಬಿತ್ತು.

"ಮಾಂಸವನ್ನು ಮೂಳೆಗೆ ಕಟ್ಟಿಡೋ ಹುರಿ ಒಳಗೆ ಪೂರ್ತಿ ಹರಿದಿದೆ. ಜಾರಿದ ದಿನ ಅರ್ಧ ಉಳಿದಿತ್ತೇನೋ. ಆಮೇಲೆ ಯಾರಾದ್ರೂ ಎಳೆದ್ರಾ, ತುಳಿದ್ರಾ?"

ಅತ್ತೆ ನೆಲ ನೋಡಿದರು. "ಇಲ್ಲ ಸ್ವಾಮಿ" ಎಂದರು ನನ್ನ ಗಂಡ. ನನಗೆ ಕಿರುಚಬೇಕೆನಿಸಿತು. "ಸೋಮವಾರ ಬ್ಲಫ್‌ನಲ್ಲೂ ಇಂಗೇ ನೋಡ್ತಾರಾ?" ಎಂದು ಇವರೇ ಕೇಳಿದರು.

"ನೋಡೇ ನೋಡ್ತಾರೆ."

"ಅಂಗಾರೆ ಇನ್ನೊಂದೇ ಒಂದ್ಸಲ."

ಡಾಕ್ಟರು ಕೈ ಒರೆಸಿಕೊಳ್ಳಲು ಬಟ್ಟೆ ತೆಗೆದುಕೊಂಡರು. ಆಗ ಅತ್ತೆ ಎದ್ದು ಬಂದು, ಮಗನ ಕೈಯನ್ನು ಮೆಲ್ಲಗೆ ಎತ್ತಿ, ಮೊಣಕೈ ಕೆಳಗೆ ತಮ್ಮ ಅಂಗೈ ಕೊಟ್ಟು ನಿಂತರು.

"ಬುಡವ್ವ" ಎಂದರು ನನ್ನ ಗಂಡ.

"ಬುಟ್ರೆ ಬಿದ್ದೋಯ್ತದೆ ಕಣೋ ಮಗ."