ಅಲುಗಾಡಿದರೆ ಮಾತ್ರ ಹತ್ತುವ ದೀಪ

ವೆಂಬ್ಲಿಯ ನಮ್ಮ ಫ್ಲ್ಯಾಟಿನ ಹೊರಗೆ, ಕಾರಿಡಾರಿನಲ್ಲಿ ಒಂದು ದೀಪವಿದೆ. ಯಾರಾದರೂ ಅಲುಗಾಡಿದರೆ ಹತ್ತುತ್ತದೆ. ಸುಮ್ಮನೆ ನಿಂತರೆ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಕರೆಂಟು ಉಳಿಸಲು ಮಾಡಿದ ಏರ್ಪಾಡು, ಅಷ್ಟೆ. ಅದರಲ್ಲಿ ದೆವ್ವ ಕಂಡವಳು ನಮ್ಮಕ್ಕ.

ಅಕ್ಕ ಸಿನಿಮಾ ಓದುತ್ತಿದ್ದಳು. ಆ ಚಳಿಗಾಲ ಹೆದರಿಸುವಂಥ ಒಂದು ಪುಟ್ಟ ಚಿತ್ರ ಮಾಡಬೇಕಿತ್ತು. ಒಬ್ಬ ತನ್ನ ಮನೆ ಬಾಗಿಲ ಮುಂದೆ ನಿಲ್ಲುತ್ತಾನೆ, ದೀಪ ಆರುತ್ತದೆ, ತಾನು ನಿಜವಾಗಿ ಇದ್ದೇನೋ ಇಲ್ಲವೋ ಎಂದು ಅವನಿಗೇ ಅನುಮಾನ ಶುರುವಾಗುತ್ತದೆ. ಕಥೆ ಇಷ್ಟೇ. "ರಕ್ತ ಬೇಡ, ಕಿರುಚಾಟ ಬೇಡ. ಹೆದರಿಸೋದು ಬೆಳಕು, ಬಣ್ಣ ಕಣೋ," ಅಂದಳು. ಗೋಡೆಗೆ ಮಾಸಿದ ಹಸಿರು. ಮನುಷ್ಯ ಫ್ರೇಮಿನ ಮೂಲೆಯಲ್ಲಿ, ನಡುವೆ ಬರೀ ಖಾಲಿ. ಊಟದ ಟೇಬಲ್ ತುಂಬ ಅವಳ ಸ್ಕೆಚ್ಚುಗಳು ಹರಡಿಕೊಂಡು, ನಾವೆಲ್ಲ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು.

ಆ ಮನುಷ್ಯ ನಾನೇ ಆಗಬೇಕೆಂದು ಪ್ರಾಣ ತಿಂದೆ.

"ನೀನಾ? ಎರಡು ನಿಮಿಷ ಸುಮ್ನಿರಕ್ಕಾಗಲ್ಲ ನಿಂಗೆ. ಫೋಟೋ ತೆಗೆದು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನನ್ನ ಕ್ಲಾಸಿನ ಹುಡುಗನೇ ಗತಿ."

ನವೆಂಬರಿನ ಸಂಜೆ, ನಾಲ್ಕಕ್ಕೇ ಕತ್ತಲು. ಅಕ್ಕ ಲಿಫ್ಟಿನ ಹತ್ತಿರ ಕ್ಯಾಮೆರಾ ನಿಲ್ಲಿಸಿದಳು. ನಾನು ಬಾಗಿಲ ಮುಂದೆ ನಿಂತೆ.

"ಇದು ಅಪ್ಪ. ಟ್ಯೂಬ್ ರೈಲಿಗೆ ಕಾಯ್ತಿರೋ ಅಪ್ಪ," ಅಂದಳು ಅಕ್ಕ.

ನೋಡಿಕೊಂಡೆ. ಹೌದು, ಕೈ ಅಪ್ಪನ ಹಾಗೇ ಬೆನ್ನ ಹಿಂದೆ ಹೋಗಿತ್ತು. ಮತ್ತೆ ನಿಂತೆ.

"ಇದು ಕೆಳಗಿನ ಮನೆ ಮಂಗಳೂರು ಆಂಟಿ."

ತಡೆಯಲಾಗಲಿಲ್ಲ. ಸೊಂಟಕ್ಕೆ ಕೈಯಿಟ್ಟು, "ಎಂಥದು ಮಾರಾಯ್ತಿ, ಚಳಿಗೆ ಸಾಯ್ಲಿಕ್ಕೆ ನಿಲ್ಲಿಸಿದ್ದಾ ನೀನು?" ಅಂದೆ.

"ದೀಪ ಆರೋಕೆ ಬಿಡೋ, ಕೋತಿ! ನೀನಾಗಿ ನಿಂತ್ಕೋ."

ನಾನಾಗಿ! ನಮ್ಮ ಜಿಪಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಹೆಂಗಸಿನ ಕೆಮ್ಮು ಕೂಡ ನನಗೆ ಬರುತ್ತದೆ; ಇದು ಹೇಗೆಂದು ಗೊತ್ತಾಗಲಿಲ್ಲ. ಅಪ್ಪನ ಕೈ ಬಿಟ್ಟೆ, ಆಂಟಿಯ ಸೊಂಟ ಬಿಟ್ಟೆ, ಊರಲ್ಲಿರುವ ಮಾವನ ಎತ್ತಿದ ಗದ್ದ ಬಿಟ್ಟೆ. ಬಿಡುತ್ತ ಬಿಡುತ್ತ ಏನು ಉಳಿಯಿತೋ ಕಾಣೆ. ದೀಪ ಆರಿತು. ಮೆಟ್ಟಿಲ ಬಾಗಿಲ ಮೇಲಿನ ಹಸಿರು ಎಕ್ಸಿಟ್ ಬೋರ್ಡಿನ ಬೆಳಕಷ್ಟೇ. ನನ್ನ ಬೆರಳು ಎಲ್ಲಿ ಮುಗಿದು ಕತ್ತಲು ಎಲ್ಲಿ ಶುರುವೋ ತಿಳಿಯದಾಯಿತು. ದೂರದಲ್ಲಿ ಕ್ಯಾಮೆರಾದ ಸದ್ದು.

ಇದ್ದಕ್ಕಿದ್ದಂತೆ ದೀಪ ಹತ್ತಿತು.

"ಯಾಕೋ ಅಲ್ಲಾಡ್ದೆ?"

"ನಾನಲ್ಲ. ನೀನು."

"ನಾನು ಉಸಿರೂ ಬಿಟ್ಟಿಲ್ಲ ಕಣೋ."

ಲಿಫ್ಟಿನ ಬಾಗಿಲು ಮುಚ್ಚೇ ಇತ್ತು. ಕ್ಯಾಮೆರಾ ಎತ್ತಿಕೊಂಡು ಇಬ್ಬರೂ ಒಳಗೆ ಓಡಿದೆವು. "ಏನ್ರೋ ಅದು ಕುಣಿದಾಟ?" ಎಂದು ಅಮ್ಮ ಗದರಿದಳು. ಬೇರೆ ದಿನವಾಗಿದ್ದರೆ ಅವಳ ದನಿಯಲ್ಲೇ ಉತ್ತರ ಕೊಡುತ್ತಿದ್ದೆ.

ಟೀ ಕುಡಿದು ಸ್ವಲ್ಪ ಧೈರ್ಯ ಬಂದ ಮೇಲೆ ಲ್ಯಾಪ್‌ಟಾಪಿನಲ್ಲಿ ಫೋಟೋ ನೋಡತೊಡಗಿದೆವು. ಒಂದರಲ್ಲಿ ಯಾರೋ ಅಪರಿಚಿತ ನಿಂತಿದ್ದ.

"ಇವನ್ಯಾರೇ? ಪಕ್ಕದ ಮನೆಯವನು ಅಡ್ಡ ಬಂದ್ಬಿಟ್ನಾ? ತೆಗೆದು ಹಾಕು. ನೋಡಿದ್ರೇ ಒಂಥರಾ ಆಗತ್ತೆ."

ನಾನು ನಾಟಕ ಮಾಡುತ್ತಿದ್ದೇನೆಂದು ಅಕ್ಕ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಕಾಲು ನೋಡೋ," ಅಂದಳು ಮೆಲ್ಲಗೆ.

ಅಮ್ಮನ ನೀಲಿ ಬಾತ್‌ರೂಮ್ ಚಪ್ಪಲಿ. ನಾನು ಮೆಟ್ಟಿಕೊಂಡು ಹೋಗಿದ್ದದ್ದು.

"ಸರಿ. ಪಾತ್ರ ನಿಂದೇ," ಎಂದು ಅಕ್ಕ ಆ ಫೋಟೋ ಪ್ರಿಂಟ್ ತೆಗೆದು ಸ್ಕೆಚ್ಚುಗಳ ನಡುವಿನ ಖಾಲಿಯಲ್ಲಿ ಅಂಟಿಸಿದಳು.

ಖುಷಿಗೆ ಕುಣಿಯಬೇಕಿತ್ತು ನಾನು. ಹೋಗಿ ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಆ ಫೋಟೋದವನ ಹಾಗೆ ನಿಲ್ಲಲು ನೋಡಿದೆ. ಭುಜ ಇಳಿಬಿಟ್ಟೆ, ಕತ್ತು ವಾಲಿಸಿದೆ. ಕನ್ನಡಿಯಲ್ಲಿ ಅಪ್ಪ ಬಂದರು. ಆಂಟಿ ಬಂದರು. ಅವನು ಮಾತ್ರ ಬರಲಿಲ್ಲ.