ಬಚ್ಚಲುಮನೆಯ ಹಾವಿಗೆ ಬೆಳ್ಳುಳ್ಳಿ

ಮೊನ್ನೆ ನಮ್ಮ ಕುವೆಂಪುನಗರದ ಮನೆಯ ಹಿಂದೆ, ಹೂಕುಂಡಗಳ ಸಾಲಿನಲ್ಲಿ ಹಾವು ಕಂಡಿತು. ಮಗಳು ಯಾರಿಗೋ ಫೋನ್ ಮಾಡಿದಳು. ಒಬ್ಬ ಹುಡುಗ ಕೊಕ್ಕೆ, ಚೀಲ ಹಿಡಿದು ಸ್ಕೂಟರಿನಲ್ಲಿ ಬಂದು, ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ನಾಜೂಕಾಗಿ ಅದನ್ನು ಚೀಲಕ್ಕಿಳಿಸಿದ. ಮೋರಿಯ ಕಿಂಡಿಗೆ ಜಾಲರಿ ಹಾಕಿಸಿ, ಆ ಇಟ್ಟಿಗೆ ರಾಶಿ ತೆಗೆಸಿ ಎಂದ. ಬೆಳ್ಳುಳ್ಳಿ ಇಟ್ಟರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ ನಕ್ಕ. ಅದಕ್ಕೆಲ್ಲ ಹಾವು ಹೆದರುವುದಿಲ್ಲವಂತೆ. ಇರಬಹುದು. ಆದರೂ ಅವನು ಅತ್ತ ಹೋದದ್ದೇ ನಾನು ಇತ್ತ ಎರಡು ಗಡ್ಡೆ ಬೆಳ್ಳುಳ್ಳಿ ತಂದು ಹಿತ್ತಲ ಮೆಟ್ಟಿಲ ಮೇಲೆ ಸುಲಿಯುತ್ತ ಕೂತೆ. ಈ ವಯಸ್ಸಿನಲ್ಲಿ ಬುದ್ಧಿ ಮಾತು ಕೇಳಿದರೂ ಕೈ ಕೇಳುವುದಿಲ್ಲ.

ನಿಮಗೂ ಹೀಗಾಗುತ್ತದೋ ಏನೋ, ನನಗಂತೂ ಬೆರಳಿಗೆ ಆ ಘಾಟು ಹತ್ತಿದರೆ ಸಾಕು, ಅಗ್ರಹಾರದ ಓಣಿಯ ಆ ಹಳೆಯ ಹೆಂಚಿನ ಮನೆ ಎದುರಿಗೆ ಬಂದು ನಿಲ್ಲುತ್ತದೆ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಿರಬೇಕು. ಮನೆಯಲ್ಲಿ ನಾವು ಮೂವರು: ನಾನು, ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು, ಮತ್ತು ಅತ್ತೆ. ಅತ್ತೆಯ ಮಡಿ ಎಂದರೆ ಮಡಿ. ಒಗೆದು ಹರವಿದ ಸೀರೆಯ ಮೇಲೆ ಕಾಗೆಯ ನೆರಳು ಬಿದ್ದರೂ ಯೋಚಿಸುವವರು. ಆ ಮನೆಯಲ್ಲಿ ಎರಡು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹಾವನ್ನು 'ಹುಳ' ಎನ್ನಬೇಕು, ಬೆಳ್ಳುಳ್ಳಿಯನ್ನು 'ಅದು' ಎನ್ನಬೇಕು. ನನ್ನ ತವರಿನಲ್ಲೋ ವಾರಕ್ಕೊಂದು ದಿನ ಬೆಳ್ಳುಳ್ಳಿ ಸಾರು. ಮದುವೆಯ ಮಾತುಕತೆಯಲ್ಲಿ ಹುಡುಗಿಗೆ ಹಾಡು ಬರುತ್ತದೆ, ರಂಗೋಲಿ ಬರುತ್ತದೆ ಎಂದೆಲ್ಲ ಹೇಳಿದ ನಮ್ಮಪ್ಪ ಈ ಒಂದು ಸಂಗತಿಯನ್ನು ಮಾತ್ರ ನುಂಗಿಕೊಂಡಿದ್ದರು.

ಆ ವರ್ಷ ನಾನು ಬಸುರಿ. ಹಿಂದಿನ ವರ್ಷ ಒಂದು ಹೋಗಿತ್ತು. ಅದಕ್ಕೇ ಈ ಸಲ ಯಾರೂ ಜೋರಾಗಿ ಸಂತೋಷಪಡುತ್ತಿರಲಿಲ್ಲ. ಮೂರು ತಿಂಗಳಿಗೇ ನಿಲ್ಲಬೇಕಾಗಿದ್ದ ವಾಂತಿ ಐದಾದರೂ ನಿಂತಿರಲಿಲ್ಲ. ಅನ್ನದ ವಾಸನೆ ಆಗದು, ಒಗ್ಗರಣೆಯ ವಾಸನೆ ಆಗದು, ನೀರು ಸಹ ನಿಲ್ಲದು. ಹೀಗೇ ಒಣಗಿದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಅತ್ತೆಗೆ ನನ್ನೆದುರಿಗೇ ಹೇಳಿದರು. ನನಗೆ ತಿನ್ನಬೇಕೆನ್ನಿಸುತ್ತಿದ್ದದ್ದು ಒಂದೇ ಒಂದು. ಅದರ ಹೆಸರನ್ನು ಹೇಗೆ ಹೇಳುವುದು? ಹಗಲೆಲ್ಲ ನಡುಮನೆಯ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿ, ಅಮ್ಮ ಒಲೆಯ ಮುಂದೆ ಬೆಳ್ಳುಳ್ಳಿ ಹುರಿಯುತ್ತಿರುವುದನ್ನು ನೋಡುತ್ತಿದ್ದೆ. ಎಚ್ಚರವೋ ನಿದ್ದೆಯೋ ನನಗೇ ತಿಳಿಯುತ್ತಿರಲಿಲ್ಲ.

ಹಾವು ಬಂದದ್ದು ಆಗ. ಹಿತ್ತಲಾಚೆ ಬಚ್ಚಲುಮನೆ, ಅದರಲ್ಲಿ ತಾಮ್ರದ ಹಂಡೆ, ಪಕ್ಕದಲ್ಲಿ ಸೌದೆ, ತೆಂಗಿನ ಗರಿಗಳ ರಾಶಿ. ಬೆಳಿಗ್ಗೆ ಒಲೆ ಹೊತ್ತಿಸಲು ಹೋದ ಅತ್ತೆ ಒಂದು ಗರಿ ಎಳೆದರೆ ಇನ್ನೊಂದು ತಾನಾಗಿ ಜರುಗಿತಂತೆ. ನಮ್ಮವರು ಕೋಲು ಹಿಡಿದು ಹೊರಟರು. ಕೋಲಿನ ಈ ತುದಿಯೂ ನಡುಗುತ್ತಿತ್ತು, ಆ ತುದಿಯೂ ನಡುಗುತ್ತಿತ್ತು. ಅತ್ತೆ ಅಡ್ಡ ನಿಂತರು. ಬಸುರಿಯ ಗಂಡ ಹುಳದ ಮೇಲೆ ಕೈ ಎತ್ತಬಾರದು. ನಮ್ಮವರು ಶಾಸ್ತ್ರಕ್ಕೆ ಅಷ್ಟು ಬೇಗ ತಲೆಬಾಗಿದ್ದನ್ನು ನಾನು ಆಮೇಲೆಂದೂ ಕಾಣಲಿಲ್ಲ.

ಹಾಗಾದರೆ ಕೊಲ್ಲದೆ ಕಳಿಸುವುದು ಹೇಗೆ? ಹೂಟಗಳ್ಳಿಯಿಂದ ಹಾಲು ತರುತ್ತಿದ್ದ ನಂಜಮ್ಮ ಕೊಡ ಇಳಿಸಿ ಎಲ್ಲವನ್ನೂ ಕೇಳಿದಳು. ಹೂಟಗಳ್ಳಿ ಆಗ ಬರೀ ಹೊಲ, ಕಟ್ಟೆ. ಹಾವೆಂದರೆ ಅವಳಿಗೆ ಪಕ್ಕದ ಮನೆಯವರಿದ್ದ ಹಾಗೆ.

"ಬೆಳ್ಳುಳ್ಳಿ ಜಜ್ಜಿ ಮಡಗಿ ಕಣ್ರವ್ವ, ಆ ವಾಸ್ನೆಗೆ ಉಳ ನಿಲ್ಲಾಕಿಲ್ಲ" ಎಂದಳು.

ಅತ್ತೆ ಹಿತ್ತಲ ಬಾಗಿಲಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಕಣ್ಣಲ್ಲೇ ಅಳೆದರು. ಕೊನೆಗೆ, ಬಚ್ಚಲುಮನೆ ಹಿತ್ತಲಲ್ಲಿದೆ, ಆದ್ದರಿಂದ ಅದು ಮನೆಯೊಳಗಲ್ಲ ಎಂಬ ತೀರ್ಮಾನಕ್ಕೆ ಬಂದರು. ನಂಜಮ್ಮ ಅಂಗಡಿಯಿಂದ ತಂದು, ಸಿಪ್ಪೆ ಸಮೇತ ಕಲ್ಲಿನಲ್ಲಿ ಜಜ್ಜಿ ಬಾಗಿಲಲ್ಲಿಟ್ಟಳು. ಅತ್ತೆ ಮೂಗಿಗೆ ಸೆರಗು ಹಿಡಿದು ದೂರದಲ್ಲಿ ನಿಂತಿದ್ದರು. ನಾನು ಮಾತ್ರ ಚಾಪೆಯಿಂದೆದ್ದು, ಯಾರೋ ಕರೆದ ಹಾಗೆ ನಡೆದುಹೋಗಿ ಆ ಬಾಗಿಲ ಪಕ್ಕದಲ್ಲಿ ಕೂತುಬಿಟ್ಟೆ. ಹೊಟ್ಟೆ ತೊಳಸಲಿಲ್ಲ. ಹಸಿವಾಯಿತು. ಮೊಸರನ್ನ ಕೇಳಿದೆ. ಅತ್ತೆ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟು, ನಾನು ಉಂಡು ಮುಗಿಸುವವರೆಗೆ ಎವೆಯಿಕ್ಕದೆ ನೋಡಿದರು. ಅದು ಹೊಟ್ಟೆಯಲ್ಲಿ ನಿಂತಿತು.

ಮರುದಿನ ಅತ್ತೆ ಆಳು ಕರೆಸಿ ಸೌದೆ, ಗರಿಯನ್ನೆಲ್ಲ ತೆಗೆಸಿ, ಮೋರಿಯ ತೂತಿಗೆ ಜಲ್ಲಿ ತುಂಬಿಸಿದರು. ನಾನು ಒಳಗೆ ಮಲಗಿದ್ದೆ. ಹೋಯಿತೇ ಎಂದು ಕೇಳಿದೆ.

"ಎಲ್ಲಿ ಹೋಗುತ್ತೆ? ಅಲ್ಲೇ ಎಲ್ಲೋ ಅಡಗಿದೆ ಕಣೇ" ಎಂದರು ಅತ್ತೆ. "ಇನ್ನೂ ಕೆಲವು ದಿನ ಅದನ್ನ ಇಡಬೇಕು. ಬಸುರೀನ ಕಂಡರೆ ಹುಳದ ಕಣ್ಣು ಮಂಜಾಗುತ್ತಂತೆ. ನಿನಗೇನೂ ಮಾಡಲ್ಲ. ನೀನೇ ಹೋಗಿ ಹಂಡೆ ಒಲೆ ನೋಡಿಕೋ."

ಹೀಗೆ ಆ ಮನೆಯ ಮಹಾಧೈರ್ಯವಂತೆ ನಾನಾದೆ. ನಮ್ಮವರು ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು ಕಚೇರಿಗೆ ಓಡುತ್ತಿದ್ದರು. ನಾನು ಬಚ್ಚಲುಮನೆಯ ಮಣೆಯ ಮೇಲೆ ರಾಣಿಯ ಹಾಗೆ ಕೂತಿರುತ್ತಿದ್ದೆ. ಮುತ್ತುಗದೆಲೆಯ ಮೇಲೆ ಬೆಳ್ಳುಳ್ಳಿ ಕಾದಿರುತ್ತಿತ್ತು. ಕೆಲವು ಎಸಳು ಹಾವಿಗೆ ಬಿಟ್ಟು, ಉಳಿದದ್ದನ್ನು ಬೂದಿಯಲ್ಲಿ ಸುಟ್ಟು ತಿನ್ನುತ್ತಿದ್ದೆ. ಹಂಡೆಯ ನೀರು ಗುಂಯ್‌ಗುಡುವುದು, ಗವಾಕ್ಷಿಯ ಬಿಸಿಲುಕೋಲಿನಲ್ಲಿ ಹೊಗೆ ತೇಲುವುದು, ಒಳಗೆ ಮಗು ಮೀನಿನಂತೆ ಮಗ್ಗುಲಾಗುವುದು. ಮೂಲೆಯ ಕತ್ತಲಲ್ಲಿ ಹಾವೂ ಸುರುಳಿ ಸುತ್ತಿ ಮಂಜುಗಣ್ಣಿನಿಂದ ನಮ್ಮನ್ನು ಕಾಯುತ್ತಿದೆ ಎಂದುಕೊಳ್ಳುತ್ತಿದ್ದೆ. ಹೋಗಬೇಡಪ್ಪ, ಇನ್ನೊಂದಿಷ್ಟು ದಿನ ಇರು ಎಂದು ಅದನ್ನು ಬೇಡಿಕೊಂಡದ್ದೂ ಉಂಟು. ಅಷ್ಟು ಸುಖ ನನಗೆ ಆಮೇಲೆ ಯಾವ ದಸರೆಯಲ್ಲಿ ಅರಮನೆಯ ದೀಪ ನೋಡಿದಾಗಲೂ ಆಗಲಿಲ್ಲ. ನಮ್ಮವರ ಮೂಗಿಗೆ ವಾಸನೆ ಬಡಿಯದೇ ಇರುತ್ತದೆಯೇ? ಒಮ್ಮೆ ಮಾತ್ರ, ಹಾವಿನ ವಾಸನೆ ನಡುಮನೆಗೂ ಬಂದ ಹಾಗಿದೆಯಲ್ಲ ಎಂದು ಗೋಡೆಗೆ ಹೇಳಿ ಮಗ್ಗುಲಾದರು.

ಸೀಮಂತವಾಯಿತು. ಹೆಣ್ಣುಮಗು ಹುಟ್ಟಿತು, ಕೈತುಂಬುವಂಥದ್ದು. ಅದು ಅಂಬೆಗಾಲಿಡುವ ಹೊತ್ತಿಗೆ ಒಂದು ದಿನ, ಬಚ್ಚಲ ಕಡೆ ಬಿಡಬೇಡ, ಹುಳ ಇದೆ ಎಂದು ನಾನು ನಂಜಮ್ಮನಿಗೆ ಹೇಳಿದಾಗ ಅವಳು ಬೆರಗಾದಳು.

"ಅದು ಸೌದೆ ತೆಗ್ದ ದಿನವೇ ಗೋಡೆ ಅತ್ತಿ ಓಯ್ತಲ್ಲವ್ವ. ನಾನೂ ದೊಡ್ಡವ್ವಾರೂ ನಿಂತ್ಕಂಡು ನೋಡುದ್ವಲ್ಲ."

ಒಳಗೆ ಅತ್ತೆ ಗಟ್ಟಿಯಾಗಿ ದೇವರನಾಮ ಹೇಳಿಕೊಳ್ಳತೊಡಗಿದರು. ಇಲ್ಲದ ಹಾವನ್ನು ನನಗಾಗಿ ಅಷ್ಟು ದಿನ ಸಾಕಿದರಲ್ಲ ಎಂದು ಮನಸ್ಸು ತುಂಬಿ ಬಂತು. ಆ ಕತೆ ಅಲ್ಲಿಗೆ ಮುಗಿಯಿತು ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಮೊನ್ನೆ ಮೆಟ್ಟಿಲ ಮೇಲೆ ಕೂತಿದ್ದಾಗ ಮಗಳು ಬಂದಳು. ಅದೇ ಮಗು, ಈಗ ಅದರ ತಲೆಯೂ ಬೆಳ್ಳಗಾಗಿದೆ. ನನ್ನ ಕೈ ನೋಡಿ ನಕ್ಕಳು.

"ಹಾವಿಗೆ ಯಾರಾದ್ರೂ ಬೆಳ್ಳುಳ್ಳಿ ಸುಲಿದಿಡ್ತಾರೇನಮ್ಮ?"

ನನ್ನ ಕೈ ನಿಂತಿತು. ಮುತ್ತುಗದೆಲೆ ಕಣ್ಣ ಮುಂದೆ ಬಂತು. ಮೊದಲ ದಿನ ನಂಜಮ್ಮ ಇಟ್ಟದ್ದು ಸಿಪ್ಪೆ ಸಮೇತ. ಆಮೇಲೆ ಎಲೆಯ ಮೇಲೆ ಇರುತ್ತಿದ್ದದ್ದೆಲ್ಲ ಸುಲಿದ ಎಸಳು, ಒಂದು ಚೂರು ಸಿಪ್ಪೆಯಿಲ್ಲದೆ, ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗೆ. ನಂಜಮ್ಮ ಹಾಲು ಅಳೆದು ಬೆಳಿಗ್ಗೆಯೇ ಹೊರಟುಹೋಗುತ್ತಿದ್ದಳು. ಮನೆಯಲ್ಲಿ ಇರುತ್ತಿದ್ದವರು ನಾವಿಬ್ಬರೇ. ಆ ದಿನಗಳಲ್ಲಿ ಅತ್ತೆ ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಇನ್ನೊಂದು ಸ್ನಾನ ಮಾಡುತ್ತಿದ್ದರು. ಸೆಖೆಗೆ ಎಂದುಕೊಂಡಿದ್ದೆ. ಉಗುರುಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದರು. ಅದನ್ನೂ ನೋಡಿದ್ದೆ.

ಮಗಳು ಉತ್ತರಕ್ಕೆ ಕಾಯುತ್ತಿದ್ದಳು.

"ಹಾವಿಗಲ್ಲ ಕಣೇ, ನಿನಗೆ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತು, ಉಳಿದ ಗಡ್ಡೆಯನ್ನು ತಾನೂ ಸುಲಿಯತೊಡಗಿದಳು.