ನಾನು ಬುಟ್ಟಿ ಬರೆದ ವರ್ಷ

ಆಗೆಲ್ಲ ದಸರಾ ರಜೆ ಬಂತೆಂದರೆ ಕೊಪ್ಪದಿಂದ ಬಸ್ಸು ಹತ್ತಿ ಶೆಟ್ಟಿಕೊಪ್ಪದ ಅಜ್ಜಿಮನೆಗೆ ಹೋಗುತ್ತಿದ್ದೆ. ಆ ವರ್ಷ ನನಗೆ ಒಂಬತ್ತು, ಹತ್ತೂ ಇರಬಹುದು. ಇನ್ನೂ ಕೆಲವು ವಿವರ ತಪ್ಪಿರಬಹುದು. ನನ್ನ ನೆನಪನ್ನು ಈಚೆಗೆ ನಾನು ಅಷ್ಟಾಗಿ ನಂಬುವುದಿಲ್ಲ.

ರಜೆಯಲ್ಲೇ ಭೂಮಿಹುಣ್ಣಿಮೆ ಬರುತ್ತಿತ್ತು. ತೆನೆ ಕಟ್ಟುವ ಗದ್ದೆ ಬಸುರಿ, ಅವಳಿಗೆ ಬಯಕೆಯೂಟ ಒಯ್ಯಬೇಕು. ಊಟದ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವುದು ಮಾವನ ಹೆಂಡತಿ ಸರೋಜತ್ತೆಯ ಕೆಲಸ. ಆ ವರ್ಷ ಅಜ್ಜಿ ಬುಟ್ಟಿಯನ್ನು ನನ್ನ ಮುಂದಿಟ್ಟಳು.

"ಈ ಸಲ ನೀನೇ ಬರಿ ಕೂಸೇ."

ಬೀಗಿಹೋದೆ. ಅಡಿಕೆ ಸಿಪ್ಪೆಯ ಕುಂಚ, ಹಸಿ ಮಣ್ಣಿನ ವಾಸನೆ, ಒಲೆಯ ಮೇಲೆ ಸೌತೆಕಾಯಿ ಕಡುಬು. ಗೆರೆಗಳೆಲ್ಲ ಸೊಟ್ಟ.

"ಇದು ತೆನೆಯೋ, ಜರಿಹುಳವೋ ಮಾರಾಯ್ತಿ?" ಎಂದು ಮಾವ ನಕ್ಕ.

ನಸುಕಿನಲ್ಲಿ ಎಲ್ಲರೂ ಗದ್ದೆಗೆ ಹೋದೆವು. ತೆನೆಗೆ ಅಜ್ಜಿಯ ಸರ ತೊಡಿಸಿ ಪೂಜೆ ಮಾಡಿ, ಬದುವಿನ ಮೇಲೆ ಕೂತು ಉಂಡೆವು. ಅತ್ತೆ ಬಂದಿರಲಿಲ್ಲ. ಮನೆಗೆ ಓಡಿಬಂದು, ಬಾಗಿಲಲ್ಲಿ ನಿಂತಿದ್ದ ಅವಳ ಸೆರಗು ಜಗ್ಗಿದೆ.

"ಅತ್ತೆ, ಎಲ್ಲರೂ ನನ್ನ ಬುಟ್ಟಿನೇ ನೋಡಿದ್ರು. ನಿಂದಕ್ಕಿಂತ ಚಂದ, ಅಲ್ವ?"

"ಹೌದು ಕೂಸೇ. ನಿಂದೇ ಚಂದ."

ಅಜ್ಜಿ ಅತ್ತೆಯನ್ನು ಬಿಟ್ಟು ನನ್ನನ್ನು ಆರಿಸಿದ ಈ ಕತೆಯನ್ನು ಹಾಸ್ಟೆಲಿನ ಗೆಳತಿಯರಿಗೆ, ಗಂಡನಿಗೆ ಎಷ್ಟೋ ಸಲ ಹೇಳಿದ್ದೇನೆ. ಈ ವರ್ಷ ಮಗಳಿಗೆ ಹೇಳುತ್ತಿದ್ದಾಗ ಅಮ್ಮ ತಡೆದಳು.

"ಆರಿಸಿದ್ದಲ್ಲ ಮಾರಾಯ್ತಿ. ಸರೋಜಂಗೆ ಏಳು ತಿಂಗಳ ಬಸುರು ಆಗಷ್ಟೇ ಹೋಗಿತ್ತು. ಬಸುರಿಯ ಬುಟ್ಟಿ ಅವಳು ಮುಟ್ಟೋದು ಬೇಡ, ಗದ್ದೆಗೂ ಬರೋದು ಬೇಡ ಅಂದ್ರು ನಿನ್ನಜ್ಜಿ."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ಅತ್ತೆ ಯಾಕೆ ಬರ್ಲಿಲ್ಲ ಅಂತ ನೀ ಕೇಳಿದ್ಯಾ?"

ಕೇಳಿರಲಿಲ್ಲ. ಮೂವತ್ತು ವರ್ಷ ಕೇಳಿರಲಿಲ್ಲ. ಕುಂಚದ ಒಂದೊಂದು ನಾರೂ ನೆನಪಿದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಎಷ್ಟು ಯೋಚಿಸಿದರೂ ಬರುವುದಿಲ್ಲ.

ಕಳೆದ ವಾರ ಬಾಳೆಹೊನ್ನೂರಿಗೆ ಹೋದೆ. ಅಲ್ಲಿ ಮಗನ ದಿನಸಿ ಅಂಗಡಿಯಲ್ಲಿ ಅತ್ತೆ ಕೂರುತ್ತಾಳೆ.

"ನನ್ನ ಮೇಲೆ ಬೇಜಾರಿತ್ತಾ ಅತ್ತೆ?"

"ಎಂತ ಬೇಜಾರು? ನೀ ಸಣ್ಣ ಕೂಸು."

ಅಷ್ಟು ದೂರ ಹೋಗಿ ಕೇಳಿದ್ದೂ ನನ್ನ ಬಗ್ಗೆಯೇ. ನಾಚಿಕೆಯಾಯಿತು. ಅಜ್ಜಿ ಇಲ್ಲ, ಮಾವ ಇಲ್ಲ, ಗದ್ದೆಯನ್ನು ಮಾರಿಯಾಗಿದೆ. ಹುಟ್ಟದೆ ಹೋದ ಆ ಮಗುವನ್ನು ನೆನೆಯುವವಳು ಇನ್ನು ಇವಳೊಬ್ಬಳೇ.

"ನಾವೆಲ್ಲ ಗದ್ದೆಗೆ ಹೋದಾಗ ನಿನ್ನ ಹತ್ರ ಯಾರಿದ್ರು ಅತ್ತೆ?"

ಗಿರಾಕಿ ಬಂದರು. ಅತ್ತೆ ಸಕ್ಕರೆ ತೂಗಲು ಎದ್ದಳು. ತೂಗಿ, ಪೊಟ್ಟಣ ಕಟ್ಟಿ, ಗಿರಾಕಿ ಹೋದ ಮೇಲೂ ನನ್ನ ಕಡೆ ತಿರುಗಲಿಲ್ಲ.